ಗಾಜಿಲ್ಲದ ಕನ್ನಡಕ

ಸಿತ್ರಾದ ಕ್ಯಾಂಪಿನಲ್ಲಿ ಗುರುವಾರ ರಾತ್ರಿ
ಮೆಸ್ಸಿನ ಮೇಜುಗಳನ್ನು ಗೋಡೆಗೊತ್ತಿ ಜಾಗ ಮಾಡಿದೆವು.
ಮೀನುಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ.
ಬೆಡ್‌ಶೀಟಿನ ಮೇಲೆ, ಪೆನ್‌ಡ್ರೈವಿನಿಂದ ಇಳಿದು ಬಂತು
ನೂರು ವರ್ಷ ಹಿಂದಿನ ರಷ್ಯಾ, ಮಾತಿಲ್ಲದ್ದು.
ಹಿಮ ಬೀಳುತ್ತಿದೆಯೋ
ರೀಲು ಸವೆದಿದೆಯೋ, ಹೇಳಲಾಗದು.

‘ಇವನ್ಯಾರು?’ ಎಂದ ಹಸನಬ್ಬ,
ಉಳ್ಳಾಲದವನು, ಸ್ಕ್ಯಾಫೋಲ್ಡಿಂಗ್ ಕಟ್ಟುವವನು.
‘ಬುದ್ಧಿಜೀವಿ.’
‘ಹೇಗೆ ಗೊತ್ತಾಗ್ತದೆ?’

ಹೇಗೆಂದರೆ, ಮೂಗು ಚಿವುಟಿ ಕೂತ ಆ ಕನ್ನಡಕ.
ಮಳೆಯಿಲ್ಲದಾಗಲೂ ಕೊಡೆ. ಕಂಕುಳಲ್ಲಿ ಪುಸ್ತಕ,
ಪುಟಗಳ ನಡುವೆ ಸಿಕ್ಕಿಸಿದ ಬೆರಳು,
ಯಾವ ಗಳಿಗೆಯಲ್ಲೂ ಓದಿಗೆ ಮರಳಿಬಿಡಬಲ್ಲೆ ಎನ್ನುವಂತೆ.
ಆಟದಲ್ಲಿ ಕಿರೀಟ ನೋಡಿಯೇ ವೇಷ ಹೇಳುತ್ತೀರಲ್ಲ, ಹಾಗೆ.
ದುಡಿವವನಿಗೆ ತೋಳು, ಧಣಿಗೆ ಹೊಟ್ಟೆ,
ಇವನಿಗೆ ಕನ್ನಡಕ.

ಇದನ್ನೇ ಓದಿದ್ದೆ ಮಾನಸಗಂಗೋತ್ರಿಯಲ್ಲಿ, ನಾಲ್ಕು ವರ್ಷ.
ಮುನ್ನೂರು ಪುಟ ಬರೆದೆ: ಕ್ರಾಂತಿಯಾದ ಮೇಲೆ
ರಂಗದಲ್ಲಿ, ಪರದೆಯಲ್ಲಿ
ಓದಿದವನನ್ನು ಎಲ್ಲಿ ನಿಲ್ಲಿಸಿದರು ಎಂದು.
ಬಾಗಿಲಲ್ಲಿ.
ಬಹಳ ಸಲ ಬಾಗಿಲಲ್ಲೇ.
ಒಂದು ಕಾಲು ಜಮಖಾನದ ಮೇಲೆ, ಒಂದು ಹಿಮದಲ್ಲಿ.
ಕೊನೆಯ ಅಂಕಕ್ಕೆ ಕೆಲವರು ಕೊರಳಪಟ್ಟಿ ಕಿತ್ತೆಸೆದು ಬೀದಿಗಿಳಿಯುತ್ತಾರೆ,
ಕೆಲವರು ನಗೆಪಾಟಲಾಗಿ ರೈಲು ಹಿಡಿಯುತ್ತಾರೆ,
ಸೂಟ್‌ಕೇಸಿನಿಂದ ಕಾಲುಚೀಲ ಇಣುಕುತ್ತಿರುತ್ತದೆ.
ಉಪಸಂಹಾರ ಬರೆಯುವ ಮೊದಲು ನನಗೆ ವೀಸಾ ಬಂತು.

ಈಗ ಟೈಮ್‌ಕೀಪರ್.
ನಾಲ್ಕೂವರೆಗೆ ಗೇಟು, ಹಾಜರಿ ಪುಸ್ತಕ, ಬಸ್ಸು.

ನಮ್ಮ ನಾಟಕದ ಪ್ರೊಫೆಸರ್ ಪಾರ್ಟು ನನ್ನದೇ ಎಂದುಕೊಂಡಿದ್ದೆ.
ಎಲ್ಲರೂ ಹಸನಬ್ಬನತ್ತ ಕೈ ತೋರಿದರು.
ತಾಮ್ರದ ತಂತಿ ಬಾಗಿಸಿ ಎರಡು ಉಂಗುರ ಮಾಡಿ
ಮೂಗಿಗೇರಿಸಿದ. ಗಾಜಿಲ್ಲ.
ಫ್ಲೇವಿಯಾ ಸಿಸ್ಟರ್ ಆಸ್ಪತ್ರೆಯಿಂದ ತಂದ ಹಳೆಯ ಕೋಟು ತೊಟ್ಟ.
ನಡೆದ:
ಮೂರು ಹೆಜ್ಜೆ ಗುಂಪಿನ ಕಡೆ, ತಡೆದು,
ಗಡಿಯಾರ ನೋಡಿ, ಎರಡು ಹೆಜ್ಜೆ ಹಿಂದಕ್ಕೆ.
ಗಂಟಲು ಸರಿಮಾಡಿಕೊಂಡ.
ಹೇಳಬೇಕಾದ್ದು ಬಾಯಿಗೆ ಬಂದಾಗ
ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.

ಮೆಸ್ಸಿಗೆ ಮೆಸ್ಸೇ ನಕ್ಕಿತು. ನಾನೂ ನಕ್ಕೆ, ತುಸು ತಡವಾಗಿ.
‘ಎಲ್ಲಿ ಕಲಿತೆ ಮಾರಾಯ ಇದನ್ನು?’
‘ನಿಮ್ಮನ್ನು ನೋಡಿಯೇ ಸರ್,’ ಎಂದ, ಗೌರವದಿಂದಲೇ,
‘ಆವತ್ತು, ಗೇಟಿನ ಹತ್ತಿರ.’

ಆವತ್ತು.
ಮೂರು ತಿಂಗಳ ಸಂಬಳ ಬಾಕಿ. ನೂರಾನಲವತ್ತು ಜನ
ಬಸ್ಸು ಹತ್ತದೆ ನೆಲದ ಮೇಲೆ ಕೂತಿದ್ದರು,
ಸಮುದ್ರದ ಕಡೆಯಿಂದ ಉಪ್ಪುಸೆಕೆ.
ಅವರ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನು,
ಒಳ್ಳೆಯ ಇಂಗ್ಲಿಷು, ನನ್ನ ಸಹಿ ಇರಲಿಲ್ಲ.
ಆಫೀಸಿನಿಂದ ಫೋನು ಬಂದಾಗ
ಅವರ ಹೆಸರಿನ ಮುಂದೆ ಗೈರು, ಗೈರು ಎಂದು ಬರೆದವನೂ ನಾನು,
ನೂರಾನಲವತ್ತು ಸಲ,
ದುಂಡನೆಯ ಅಕ್ಷರದಲ್ಲಿ.

ಎಡಬಿಡಂಗಿ.
ಇಷ್ಟು ಸಲೀಸಾದ ಮಾತು
ಮುನ್ನೂರು ಪುಟದಲ್ಲಿ ಒಮ್ಮೆಯೂ ಬರಲಿಲ್ಲ.
ಹೊಸ್ತಿಲ ಮೇಲೆ ನಿಲ್ಲಬೇಡ ಎನ್ನುತ್ತಿದ್ದಳು ಅಮ್ಮ,
ಬಂದರೆ ಬಾ, ಹೋದರೆ ಹೋಗು;
ನಾನದನ್ನು ಲಕ್ಷ್ಮಿಯ ವಿಷಯ ಎಂದುಕೊಂಡಿದ್ದೆ.

ಪಿಯೂಸ ಬೆಡ್‌ಶೀಟು ಮಡಚಿದ. ಮೇಜುಗಳು ಮತ್ತೆ ಸ್ವಸ್ಥಾನಕ್ಕೆ.
ನನ್ನ ಕನ್ನಡಕ ತೆಗೆದು ತಂತಿಯದನ್ನು ಹಾಕಿ ನೋಡಿದೆ.
ಮುಖಗಳೆಲ್ಲ ಮಸುಕು. ಕಿಟಕಿಯಾಚೆ
ರಿಫೈನರಿಯ ಬೆಂಕಿಯೊಂದು ದೊಡ್ಡದಾಗಿ ಕಂಡಿತು.

‘ಕಡೆಗೆ ಇವನು ಯಾವ ಕಡೆ ಹೋಗ್ತಾನೆ ಸರ್?’
ಹಸನಬ್ಬ ಕೋಟಿನ ಗುಂಡಿ ಬಿಚ್ಚುತ್ತ ಕೇಳಿದ.
‘ಬರೆದಿಲ್ಲ ಇನ್ನೂ.’
‘ಬೇಗ ಬರೆದುಕೊಡಿ. ನನಗೆ ಬಾಯಿಪಾಠ ತಡ.
ನಾಳೆ ಮಗ್ರಿಬ್ ಆದ ಕೂಡಲೇ ಬರ್ತೇನೆ.’